ವಾಚನಾಲಯದ ರೂಟರ್

ರಿಗೇಶನನ್ನು ಕಾಲುವೆ ಏರಿಯ ಮೇಲೆ ಕಡಿದು ಹಾಕಿದ ಮೇಲೆ ಇಪ್ಪತ್ತೊಂದು ದಿನ ಪುಳಿಯೋಟ್ಟಿನ ವಾಚನಾಲಯದಲ್ಲಿ ಟಿವಿ ಹಾಕಿರಲಿಲ್ಲ. ಮೂವತ್ತೇಳು ಗಾಯ ಎಂದು ಮೆಡಿಕಲ್ ಕಾಲೇಜಿನವರು ಬರೆದುಕೊಟ್ಟಿದ್ದರು. ಆ ಸಂಖ್ಯೆ ಊರಿನ ಮಕ್ಕಳಿಗೂ ಬಾಯಿಪಾಠವಾಗಿತ್ತು. ಬಲಗೈ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಏರಿಯ ಕೆಳಗೆ, ಬಲೆ ಬೀಸಲು ಬಂದ ಮುದುಕನಿಗೆ. ಆ ಮುದುಕ ಆಮೇಲೆ ಕಾಲುವೆಯ ಕಡೆ ತಲೆ ಹಾಕಲಿಲ್ಲ.

ಕಡಿದವರು ಯಾರೆಂಬುದರಲ್ಲಿ ಗುಟ್ಟೇನೂ ಇಲ್ಲ. ಹೊಳೆಯಾಚೆಯವರು. ಅವರ ಪಕ್ಷದ ಐದು ಮಂದಿ ಮೂರನೇ ದಿನ ಇಸ್ತ್ರಿ ಮಾಡಿದ ಪಂಚೆ ಉಟ್ಟು, ವಕೀಲನನ್ನು ಜೊತೆಗೆ ಕರೆದುಕೊಂಡು, ಮದುವೆಗೆ ಹೊರಟವರ ಹಾಗೆ ಠಾಣೆಗೆ ಹೋಗಿ ಕೂತರು. ನಿಜವಾಗಿ ಕತ್ತಿ ಬೀಸಿದವರು ಆ ಐವರೇ ಹೌದೋ ಅಲ್ಲವೋ ಎಂದು ಪೊಲೀಸರು ಕೇಳಲಿಲ್ಲ. ನಮ್ಮಲ್ಲಿ ಹಾಗೆ ಕೇಳುವ ಕ್ರಮವಿಲ್ಲ. ಪುಳಿಯೋಟ್ಟಿಗೆ ಬೇಕಾಗಿದ್ದದ್ದು ಬೇರೊಂದು ಹೆಸರು. ಆ ಶನಿವಾರ ರಾತ್ರಿ ಎಂಟು ಗಂಟೆ ದಾಟಿದ ಮೇಲೆ ವಾಚನಾಲಯದ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಾ ರಿಗೇಶ, "ಇವತ್ತು ರಸ್ತೆ ಬೇಡ, ಕಾಲುವೆ ಏರಿಯಲ್ಲಿ ಹೋಗ್ತೇನೆ" ಎಂದಿದ್ದ. ಎಂಟೂಕಾಲಿಗೆ ಹೊರಟ. ಎಂಟೂವರೆಗೆ ಏರಿಯ ಮೇಲೆ ಕತ್ತಿಗಳು ಕಾದು ನಿಂತಿದ್ದವು. ದಿನಾ ರಸ್ತೆಯಲ್ಲಿ ಹೋಗುವವನು ಅಂದು ಏರಿ ಹಿಡಿಯುತ್ತಾನೆಂದು ಹೊಳೆ ದಾಟಿಸಿ ಹೇಳಿದವನು ಯಾರು? ಆ ಮಾತು ಕೇಳುವಷ್ಟು ಹತ್ತಿರ ಅಂದು ಯಾರಿದ್ದರು? ಇಪ್ಪತ್ತೊಂದು ದಿನ ಊರು ಇದನ್ನೇ ಅಗಿಯಿತು. ಮನೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಕ್ರಮವೇ ಬದಲಾಗಿತ್ತು.

ಇಪ್ಪತ್ತೆರಡನೆಯ ದಿನ ಟಿವಿ ಹಾಕುವುದೆಂದು ತೀರ್ಮಾನವಾಯಿತು. ವಿಶ್ವಕಪ್ ಫುಟ್ಬಾಲ್ ನಡೆಯುತ್ತಿತ್ತು. ರಿಗೇಶ ಸತ್ತದ್ದೇ ಅರ್ಜೆಂಟೀನದ ಅಂಗಿಯಲ್ಲಿ. ಅವನ ಹೆಸರಿನಲ್ಲೇ ಆಟ ತೋರಿಸುವುದು, ಅವನ ಅಮ್ಮ ಜಾನುವಮ್ಮನ ಕೈಯಲ್ಲೇ ಟಿವಿಯ ಗುಂಡಿ ಒತ್ತಿಸುವುದು ಎಂದು ವಾಚನಾಲಯದ ಕಾರ್ಯದರ್ಶಿ ದಾಮೋದರನ್ ಹೇಳಿದ. ಊರಿಗೆಲ್ಲ ಅವನು ದಾಮುವೇಟ್ಟ, ಎಂದರೆ ದಾಮು ಅಣ್ಣ. ಅವನು ಹೇಳಿದ ಮೇಲೆ ಮುಗಿಯಿತು. ಆ ಊರಿನಲ್ಲಿ ಹೆಣ ಎತ್ತಬೇಕಾದರೂ ಅವನು ಕತ್ತು ಆಡಿಸಬೇಕು. ಆಟ ರಾತ್ರಿ ಎಂಟೂವರೆಗೆ. ಸಂಜೆ ಐದಕ್ಕೆ ಹಾಕಿ ನೋಡಿದರೆ ಟಿವಿಯ ಕೆಳಗಿನ ಪ್ಲೇಯರ್ ಡಬ್ಬಿ ಇಂಟರ್ನೆಟ್ ಇಲ್ಲ ಎಂದು ಕೆಂಪು ಅಕ್ಷರ ತೋರಿಸಿ ಕೂತಿತು. ಬಾಬುರಾಜನಿಗೆ ಫೋನು ಹೋಯಿತು.

ಬಾಬುರಾಜ ಆ ಊರಿನ ಕೇಬಲ್ಲಿನವನು. ವಯಸ್ಸು ನಲವತ್ತಾರು. ಇಪ್ಪತ್ತು ವರ್ಷದಿಂದ ಅವರಿವರ ತೆಂಗಿನ ಮರಕ್ಕೆ ವಯರು ಕಟ್ಟಿ, ಮನೆಮನೆಗೆ ಟಿವಿ, ವೈಫೈ ಎಳೆದು ಬದುಕಿದವನು. ಪಕ್ಷದ ಮೆರವಣಿಗೆಯಲ್ಲಿ ಹಿಂದಿನ ಸಾಲಿನಲ್ಲಿ ನಡೆದು, ಘೋಷಣೆಗೆ ಬಾಯಿ ಆಡಿಸಿ, ಮನೆಗೆ ಬಂದು ಊಟ ಮಾಡಿ ಮಲಗುವ ಜಾತಿ. ಎಂಟು ತಿಂಗಳ ಹಿಂದೆ ಕಂಬದಿಂದ ಬೀಳುವಾಗ ಅವನ ಲ್ಯಾಪ್‌ಟಾಪಿನ ಪರದೆ ಅರ್ಧ ಕಪ್ಪಾಗಿತ್ತು. ಹೊಸದು ತೆಗೆಯುವ ಬದಲು ಅವನು ಒಂದು ಉಪಾಯ ಮಾಡಿಕೊಂಡಿದ್ದ: ಯಾರ ಮನೆಗೆ ಹೋದರೂ ಲ್ಯಾಪ್‌ಟಾಪನ್ನು ಅವರದೇ ಟಿವಿಗೆ ಚುಚ್ಚಿ, ದೊಡ್ಡ ಪರದೆಯಲ್ಲಿ ಕೆಲಸ ಮಾಡುವುದು. ಮನೆಯವರಿಗೂ ಏನೋ ನಡೆಯುತ್ತಿದೆ ಎಂಬ ಸಮಾಧಾನ.

ಅವನು ಬಂದಾಗ ಒಳಗೆ ನಾಲ್ಕು ಜನ ಇದ್ದರು. ದಾಮು, ಬಾಗಿಲ ಹತ್ತಿರ ಪ್ರದೀಪನ್, ಕಿಟಕಿಯಲ್ಲಿ ಕೂತ ಇನ್ನೊಬ್ಬ, ಮತ್ತೆ ರಿಗೇಶನ ಅಣ್ಣ ಷಿಬಿನ್. ತಮ್ಮ ಸತ್ತಂದಿನಿಂದ ಷಿಬಿನ್ ಗಡ್ಡ ತೆಗೆದಿರಲಿಲ್ಲ, ಕೆಲಸಕ್ಕೆ ಹೋಗಿರಲಿಲ್ಲ. ಸೊಂಟದ ಹಿಂದೆ ಅಂಗಿಯ ಅಡಿಯಲ್ಲಿ ಕತ್ತಿ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದ. ಎಲ್ಲರ ಎದೆಯ ಮೇಲೂ ಕಪ್ಪು ಬಟ್ಟೆಯಲ್ಲಿ ರಿಗೇಶನ ಸಣ್ಣ ಫೋಟೋ, ಸೇಫ್ಟಿ ಪಿನ್ನಿನಲ್ಲಿ ಚುಚ್ಚಿದ್ದು.

"ಎಂತ ಮಾರಾಯ ನಿನ್ನ ಕಂಪನಿ" ಎಂದ ದಾಮು. "ನಮ್ಮ ಫೋನಿಗೆಲ್ಲ ವೈಫೈ ಬರ್ತದೆ. ಈ ಡಬ್ಬಿಗೆ ಮಾತ್ರ ಇಲ್ಲ. ಡಬ್ಬಿ ಎಂತ ಮೈಲಿಗೆಯಾ?"

"ನೋಡುವ ದಾಮುವೇಟ್ಟ. ಹತ್ತು ನಿಮಿಷ."

"ಹತ್ತೇ ನಿಮಿಷ. ಎಂಟಕ್ಕೆ ಇನ್ನೂರು ಜನ ಬರ್ತಾರೆ. ಆಟ ಮುಗಿಯುವಾಗ ಹತ್ತು ದಾಟ್ತದೆ, ಆ ಹತ್ತು ಗಂಟೆಯ ಕಟ್ಟನ್ನೂ ಇವತ್ತು ಹನ್ನೆರಡಕ್ಕೆ ತಳ್ಳು."

ಹತ್ತು ಗಂಟೆಯ ಕಟ್ಟು ಎಂದರೆ ವಾಚನಾಲಯದ ಕಮಿಟಿಯ ತೀರ್ಮಾನ. ಹುಡುಗರು ಒಂದೂ ಎರಡೂ ಗಂಟೆಯ ತನಕ ಸಿನಿಮಾ ಹಾಕಿ ಕೂರುತ್ತಾರೆಂದು ಅಕ್ಕಪಕ್ಕದ ಮನೆಯವರು ದೂರು ಕೊಟ್ಟ ಮೇಲೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಪ್ಲೇಯರಿಗೆ ಮಾತ್ರ ಇಂಟರ್ನೆಟ್ ಸಿಗದ ಹಾಗೆ ಬಾಬುರಾಜ ರೂಟರಿನಲ್ಲಿ ಬೀಗ ಹಾಕಿ ಕೊಟ್ಟಿದ್ದ. ಆದರೆ ಈಗ ಗಂಟೆ ಐದೂವರೆ. ಹೊರಗೆ ಬಿಸಿಲು ತೆಂಗಿನ ಬುಡದಲ್ಲಿ ಬಿದ್ದಿತ್ತು. ಆ ಬೀಗದ ಮೇಲೆ ಅವನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಡಬ್ಬಿಯ ವಯರು ತೆಗೆದು ಹಾಕಿದ. ಆರಿಸಿ ಹೊತ್ತಿಸಿದ. ಪಾಸ್‌ವರ್ಡ್ ಮತ್ತೆ ಬರೆದ. ಲ್ಯಾಪ್‌ಟಾಪನ್ನು ಟಿವಿಗೆ ಚುಚ್ಚಿ ರೂಟರಿನ ಪುಟ ತೆರೆದು, ಅಡ್ರೆಸ್ ಅಂಕಿಗಳನ್ನು ಬದಲಿಸಿ ನೋಡಿದ. ಡಬ್ಬಿ ಜಪ್ಪಯ್ಯ ಅನ್ನಲಿಲ್ಲ. ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಇನ್ನೊಂದು ಕಡೆ ಇತ್ತು. ಹಳೆಯ ರೂಟರ್ ಸಿಡಿಲಿಗೆ ಸುಟ್ಟು ಹೋಗಿ, ಈ ಹೊಸದನ್ನು, ಹತ್ತು ಗಂಟೆಯ ಬೀಗದ ಸಮೇತ, ಅವನು ಗೋಡೆಗೆ ಹೊಡೆದದ್ದು ರಿಗೇಶ ಸತ್ತ ದಿನವೇ, ಬೆಳಿಗ್ಗೆ ಹನ್ನೊಂದಕ್ಕೆ. ಅಂದು ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ರಿಗೇಶನ ಫೋನು ಬಂದಿತ್ತು. ಬಾಬುರಾಜ ಕಂಬದ ಮೇಲಿದ್ದ, ಎತ್ತಲಿಲ್ಲ. ಆಮೇಲೆ ಮಾಡುವ ಎಂದು ಬಿಟ್ಟ. ಮಾಡಲಿಲ್ಲ. ಆ ಕರೆಯನ್ನು ಅವನು ಫೋನಿನಿಂದ ಅಳಿಸಿಯೂ ಇರಲಿಲ್ಲ, ಹೆಂಡತಿಗೆ ಹೇಳಿಯೂ ಇರಲಿಲ್ಲ.

"ಪಟ್ಟಿ ತುಂಬಿರ್ಬೇಕು" ಎಂದ, ತನಗೇ ಹೇಳಿಕೊಂಡ ಹಾಗೆ. "ಊರಿನ ಫೋನೆಲ್ಲ ಇದ್ರಲ್ಲಿ ಸೇರಿಕೊಂಡುಂಟು. ಹಳೇದನ್ನೆಲ್ಲ ತೆಗೀಬೇಕು." ಮತ್ತೆ, ಎಲ್ಲರ ಮನೆಯಲ್ಲಿ ಮಾಡುವ ಹಾಗೆಯೇ, ರೂಟರಿಗೆ ಸೇರಿದ ಫೋನುಗಳ ಪಟ್ಟಿ ತೆರೆದು ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದ. ಯಾರದೆಂದು ಕೇಳುವುದು, ಬೇಡದ್ದನ್ನು ಅಳಿಸುವುದು. ಅದು ಅವನ ಇಪ್ಪತ್ತು ವರ್ಷದ ಅಭ್ಯಾಸ. ಹೆಸರು, ಅದರ ಪಕ್ಕದಲ್ಲಿ ಕೊನೆಯ ಸಲ ಸೇರಿದ್ದು ಎಷ್ಟು ಹೊತ್ತಿಗೆ, ಬಿಟ್ಟದ್ದು ಎಷ್ಟು ಹೊತ್ತಿಗೆ. ಪಟ್ಟಿ ಅಕ್ಷರದ ಕ್ರಮದಲ್ಲಿತ್ತು. ಮೊದಲನೆಯದೇ ಅವನ ಬಾಯಿಗೆ ಬಂತು.

"ಅನಘ. ಐದನೇ ತಾರೀಕು, ರಾತ್ರಿ ಎಂಟು ಹತ್ತರಿಂದ ಎಂಟು ಇಪ್ಪತ್ತೈದು."

ಓದಿದ ಮೇಲೆ ಅವನಿಗೆ ಕೇಳಿಸಿತು. ಕಿಟಕಿಯಲ್ಲಿ ಕೂತವನು ಬೀಡಿ ಕೆಳಗೆ ಹಾಕಿದ. ಐದನೇ ತಾರೀಕು ಯಾವ ದಿನವೆಂದು ಆ ಊರಿನಲ್ಲಿ ಯಾರಿಗೂ ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ.

ಷಿಬಿನ್ ಎದ್ದು ಟಿವಿಯ ಹತ್ತಿರ ಬಂದ. ಬೆರಳಿಟ್ಟು ಆ ಸಾಲನ್ನು ತಾನೇ ಓದಿದ. "ಅನಘ ಅಂದ್ರೆ ನಿನ್ನ ಮಗಳಲ್ವಾ?"

"ಮಗಳು ಮಂಗಳೂರಲ್ಲಿ. ನರ್ಸಿಂಗ್ ಹಾಸ್ಟೆಲ್ಲಲ್ಲಿ. ಓಣಂ ಆದ ಮೇಲೆ ಬರ್ಲೇ ಇಲ್ಲ."

"ಮತ್ತೆ ಅವಳ ಫೋನು ನನ್ನ ತಮ್ಮ ಸಾಯುವ ಹೊತ್ತಿಗೆ ಇಲ್ಲಿ ಎಂತ ಮಾಡ್ತಿತ್ತು?"

"ಗೊತ್ತಿಲ್ಲ ಷಿಬಿ, ಇದು..."

ಹೊಡೆತ ಬಿದ್ದದ್ದು ಬಾಯಿಗೆ. ಒಳಗಿನ ಹಲ್ಲು ತುಟಿಯನ್ನು ತೂತು ಮಾಡಿತು. ಎರಡನೆಯದು ಕಿವಿಗೆ, ಅದರಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಷಿಬಿನ್ ಅವನ ಕೂದಲು ಹಿಡಿದು ಮುಖವನ್ನು ಟಿವಿಯ ಗಾಜಿಗೆ ಒತ್ತಿದ. "ಓದು. ಇನ್ನೊಂದ್ಸಲ ಓದು. ಮಂಗಳೂರಿಂದ ಅವಳನ್ನು ಕರ್ಸುವುದು ನಮಗೆ ಕಷ್ಟದ ಕೆಲ್ಸ ಅಲ್ಲ."

ಬಾಬುರಾಜನಿಗೆ ಬೇರೇನೂ ಹೊಳೆಯಲಿಲ್ಲ. ಮಗಳ ಹೆಸರು ಆ ಬಾಯಿಯಿಂದ ಹೋಗಬೇಕಿತ್ತು, ಅಷ್ಟೇ. "ಅದು ಅವಳ ಹಳೇ ಫೋನು" ಎಂದುಬಿಟ್ಟ. "ಹೆಸರು ಬದಲು ಮಾಡ್ಲಿಲ್ಲ. ಈಗ ಅದು ವಿಜಿತನ ಹತ್ರ ಉಂಟು."

ವಿಜಿತ್ ಅವನ ಹೆಂಡತಿ ಪ್ರಸೀತಳ ತಮ್ಮ. ಮನೆಗಳಿಗೆ ಬಣ್ಣ ಹೊಡೆಯುವವನು. ಯಾವ ಪಕ್ಷಕ್ಕೂ ಸೇರಿದವನಲ್ಲ, ಆದರೆ ಮದುವೆಯಾದ ಮೇಲೆ ಹೆಂಡತಿಯ ಮನೆಯಲ್ಲಿದ್ದ, ಮತ್ತು ಆ ಮನೆ ಹೊಳೆಯಾಚೆ ಇತ್ತು. ಅನಘ ಪರೀಕ್ಷೆಗೆ ಓದಲು ಇದೇ ವಾಚನಾಲಯಕ್ಕೆ ಬರುತ್ತಿದ್ದ ಕಾಲದಲ್ಲಿ ಆ ಫೋನು ಇಲ್ಲಿನ ವೈಫೈಗೆ ಸೇರಿಕೊಂಡಿತ್ತು. ರೂಟರ್ ಹೊಸದಾದರೂ ಬಾಬುರಾಜ ಹೆಸರು, ಪಾಸ್‌ವರ್ಡ್ ಹಳೆಯದನ್ನೇ ಇಟ್ಟಿದ್ದ. ಜಗಲಿಗೆ ಬಂದರೆ ಸಾಕು, ಜೇಬಿನಲ್ಲಿದ್ದ ಹಾಗೆಯೇ ಫೋನು ತಾನಾಗಿ ಸೇರುತ್ತಿತ್ತು.

ಷಿಬಿನ್ ಕೂದಲು ಬಿಟ್ಟ. ದಾಮು ನಿಧಾನವಾಗಿ ತಲೆಯಾಡಿಸಿದ. ಇಪ್ಪತ್ತೊಂದು ದಿನ ಹುಡುಕಿದ್ದು ತಾನಾಗಿ ಬಂದು ಬಾಗಿಲು ತಟ್ಟಿದ ಹಾಗೆ ಅವನ ಮುಖ ಇತ್ತು.

"ಅವನು ನನ್ನ ಏಣಿ ತಗೊಂಡು ಹೋಗ್ಲಿಕ್ಕೆ ಬಂದದ್ದಿರ್ಬೇಕು" ಎಂದ ಬಾಬುರಾಜ. "ನನ್ನ ಏಣಿ ಇಲ್ಲೇ ಹಿಂದೆ ಇರ್ತದಲ್ಲ ದಾಮುವೇಟ್ಟ. ಆ ವಾರವೇ ತಗೊಂಡದ್ದು. ಅವನಿಗೆ ಈ ಹೊಡಿ ಬಡಿ ಎಂತ ಗೊತ್ತುಂಟು, ಅವನೊಂದು ಇರುವೆ."

"ರಾತ್ರಿ ಎಂಟಕ್ಕೆ ಏಣಿಯಾ?" ಎಂದ ಷಿಬಿನ್. "ಎಂತಕ್ಕೆ, ನಕ್ಷತ್ರಕ್ಕೆ ಬಣ್ಣ ಬಳಿಲಿಕ್ಕಾ? ಎಂಟು ಹತ್ತಕ್ಕೆ ಬಂದ. ಎಂಟೂಕಾಲಿಗೆ ನನ್ನ ತಮ್ಮ ಹೊರಟ. ಎಂಟು ಇಪ್ಪತ್ತೈದಕ್ಕೆ ಇವನು ಕೆಲಸ ಮುಗಿಸಿ ಹೋದ. ಮಿಷಿನು ಸುಳ್ಳು ಹೇಳ್ತದಾ?"

 ಇಪ್ಪತ್ತು ವರ್ಷ ಬಾಬುರಾಜನೇ ಊರಿಗೆಲ್ಲ ಹೇಳಿಕೊಂಡು ಬಂದ ಮಾತು ಅದು: ಮಿಷಿನು ಸುಳ್ಳು ಹೇಳುವುದಿಲ್ಲ, ನೀವೇ ಏನೋ ಒತ್ತಿದ್ದೀರಿ.

ದಾಮು ಬಾಬುರಾಜನ ಜೇಬಿಗೆ ತಾನೇ ಕೈ ಹಾಕಿ ಫೋನು ತೆಗೆದ. "ಇವತ್ತು ಅವನು ಎಲ್ಲಿ?"

"ಗೊತ್ತಿಲ್ಲ."

ಷಿಬಿನ್ ಅವನ ಎಡಗೈಯನ್ನು ಮೇಜಿನ ಮೇಲೆ ಚಾಚಿಸಿ ಹಿಡಿದ. ಪ್ರದೀಪನ್ ಕಿರುಬೆರಳನ್ನು ಹಿಂದಕ್ಕೆ ಮಡಚಿದ. ಅದು ಮುರಿಯುವಾಗ ತೆಂಗಿನ ಒಣ ಕೊತ್ತಳಿಗೆ ಮುರಿದ ಸದ್ದಾಯಿತು.  ಪ್ರದೀಪನ್ ಪಕ್ಕದ ಬೆರಳಿಗೆ ಕೈ ಹಾಕುವ ಮೊದಲೇ ಬಾಬುರಾಜ ಹೇಳಿದ: "ಸೊಸೈಟಿ ಬಿಲ್ಡಿಂಗಿಗೆ ಬಣ್ಣ ಹೊಡೀತಿದ್ದಾನೆ."

"ಏಣಿ ಬೇಕು, ಇಲ್ಲಿಗೆ ತಾ ಅಂತ ಹೇಳು" ಎಂದ ದಾಮು. "ಸುಮ್ನೆ ಕೇಳುವ. ನಾವೇನು ರಾಕ್ಷಸರಾ? ತಪ್ಪು ಮಾಡದಿದ್ರೆ ಹೋಗ್ತಾನೆ." ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದ.

"ಹೇಳಿ ಭಾವ" ಎಂದಿತು ವಿಜಿತನ ದನಿ. ಹಿಂದೆ ಯಾರೋ ರೇಡಿಯೋ ಹಾಕಿದ್ದರು.

"ಏಣಿ ಬೇಕಿತ್ತು. ವಾಚನಾಲಯಕ್ಕೆ ತಾ."

"ಈಗಲಾ? ಒಂದು ಗೋಡೆ ಬಾಕಿ ಉಂಟು. ಸರಿ, ಕೈ ತೊಳೆದು ಬರ್ತೇನೆ. ಅಕ್ಕನಿಗೆ ಹೇಳಿ, ಹೋಗುವಾಗ ಚಾ ಕುಡಿದೇ ಹೋಗುದು. ಭಾವ, ನಿಮ್ಮ ಸ್ವರ ಎಂತ ಹಾಗೆ?"

"ಶೀತ" ಎಂದ ಬಾಬುರಾಜ. ಬೇರೇನಾದರೂ ಹೇಳಬಹುದಿತ್ತು. ಬರಬೇಡ ಎಂದು ನಾಲ್ಕಕ್ಷರ ಕೂಗಬಹುದಿತ್ತು. ಆ ಮೇಲೆ ಸಾಯುವ ತನಕ ಅವನು ಎಷ್ಟು ಸಲ ಅದನ್ನು ಮನಸ್ಸಿನಲ್ಲೇ ಕೂಗಿದನೋ, ದೇವರಿಗೇ ಗೊತ್ತು. ಆಗ ಕೂಗಲಿಲ್ಲ. ಹೆದರಿಕೆ ಆಗಿತ್ತು, ಅಷ್ಟೇ. ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ.

ದಾಮು ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ. "ನೀನು ನಿನ್ನ ಕೆಲಸ ಮಾಡು. ಡಬ್ಬಿ ಸರಿಯಾಗ್ಬೇಕು. ಪ್ರದೀಪ, ಇವನು ಹೊರಗೆ ಬರುದು ಬೇಡ." ಪ್ರದೀಪನ್ ಬಾಗಿಲಲ್ಲಿ ನಿಂತ, ಉಳಿದ ಮೂವರೂ ಹೊರಗೆ ಹೋದರು. ಷಿಬಿನ್ ಹೋಗುವಾಗ ಅಂಗಿಯ ಹಿಂಭಾಗ ಎತ್ತಿ ಕತ್ತಿ ಕೈಗೆ ತೆಗೆದುಕೊಂಡ. ಕೇಳುವವನು ಕತ್ತಿ ತೆಗೆಯುವುದಿಲ್ಲವೆಂದು ಬಾಬುರಾಜನಿಗೆ ಗೊತ್ತಿತ್ತು.

ಆದರೂ ಅವನು ಕೆಲಸ ಮಾಡಿದ. ಮುರಿದ ಬೆರಳನ್ನು ಅಂಗೈಯೊಳಗೆ ಮಡಚಿಟ್ಟು, ಬಲಗೈಯಲ್ಲಿ ಪಟ್ಟಿಯ ಮುಂದಿನ ಪುಟಕ್ಕೆ ಹೋದ. ರಕ್ತ ಗಲ್ಲದಿಂದ ಲ್ಯಾಪ್‌ಟಾಪಿನ ಅಕ್ಷರಗಳ ಮೇಲೆ ತೊಟ್ಟಿಕ್ಕುತ್ತಿತ್ತು. ದಾಮುವಿನ ಫೋನು, ಗ್ರಂಥಪಾಲನದು, ಪ್ರದೀಪನ್ನಿನದು. ಎಲ್ಲದರ ಮುಂದೆಯೂ ಇವತ್ತಿನ ಅಥವಾ ನಿನ್ನೆಯ ದಿನ. ಅವುಗಳ ಕೆಳಗೆ ಒಂದು ಹೆಸರು ಕಂಡು ಅವನ ಕೈ ನಿಂತಿತು.

ರಿಗೇಶ. ಕೊನೆಯ ಸಲ ಬಿಟ್ಟು ಹೋದದ್ದು ಆರನೇ ತಾರೀಕು, ಬೆಳಗಿನ ಜಾವ ಒಂದು ನಲವತ್ತೈದು.

ಎರಡು ಸಲ ಓದಿದ. ಐದನೇ ತಾರೀಕು ರಾತ್ರಿ ಎಂಟೂವರೆಗೆ ಸತ್ತವನು ಆರನೇ ತಾರೀಕಿನ ಜಾವ ಒಂದೂಮುಕ್ಕಾಲಿಗೆ ವಾಚನಾಲಯದಿಂದ ಹೊರಟನೇ? ಆ ಹೊತ್ತಿಗೆ ಅವನ ಹೆಣ ಮೆಡಿಕಲ್ ಕಾಲೇಜಿನ ಶವಾಗಾರದ ಪೆಟ್ಟಿಗೆಯಲ್ಲಿತ್ತು. ಹೊರಗೆ ಸಾಲಾಗಿ ನಿಂತವರಲ್ಲಿ ಬಾಬುರಾಜನೂ ಒಬ್ಬ. ಯಾರಾದರೂ ಅವನ ಫೋನನ್ನು... ಇಲ್ಲ, ಫೋನು ಹೆಣದ ಜೇಬಿನಲ್ಲಿ ಎರಡು ತುಂಡಾಗಿ ಸಿಕ್ಕಿತ್ತು.

ಮಿಷಿನಿನ ಗಂಟೆಯೇ ತಪ್ಪಿರಬಹುದೇ? ಹತ್ತು ಗಂಟೆಯ ಬೀಗದ ಪುಟ ತೆರೆದ. ಪುಟದ ತಲೆಯಲ್ಲಿ ರೂಟರಿನ ಗಡಿಯಾರ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ, ಅವನೂ ನೋಡುತ್ತಿರಲಿಲ್ಲ. ಗಡಿಯಾರ ರಾತ್ರಿ ಹನ್ನೊಂದು ನಲವತ್ತು ಎಂದಿತು. ಗೋಡೆಯ ಗಡಿಯಾರದಲ್ಲಿ ಆರು ಹತ್ತು. ಕಿಟಕಿಯ ಹೊರಗೆ ಇನ್ನೂ ಬೆಳಕಿತ್ತು.

ಐದೂವರೆ ಗಂಟೆ ಮುಂದೆ. ಸರಿಯಾಗಿ ಐದೂವರೆ. ಯಾಕೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು, ಯಾಕೆಂದರೆ ಮಾಡಿದವನು ಅವನೇ. ಅಗ್ಗದ ರೂಟರಿಗೆ ಇಂಗ್ಲೆಂಡಿನ ಸಮಯ ಕೊಟ್ಟು ದೇಶ ಭಾರತ ಎಂದು ಒತ್ತಬೇಕು. ಐದೂವರೆ ಗಂಟೆಯನ್ನು ಅದು ತಾನೇ ಸೇರಿಸಿಕೊಳ್ಳುತ್ತದೆ. ಆ ಶನಿವಾರ ಊಟದ ಅವಸರದಲ್ಲಿ ಅವನು ತನ್ನ ಫೋನು ನೋಡಿ ನಮ್ಮ ಸಮಯವನ್ನೇ ಬರೆದು, ಮೇಲಿಂದ ಭಾರತ ಎಂದೂ ಒತ್ತಿದ್ದ. ಗಡಿಯಾರ ಯಾರಿಗೆ ಬೇಕು? ನೆಟ್ ಬಂದರೆ ಸಾಕು. ಸಂಜೆ ನಾಲ್ಕೂವರೆ ಆದ ಕೂಡಲೇ ರೂಟರಿಗೆ ರಾತ್ರಿ ಹತ್ತಾಗುತ್ತಿತ್ತು, ಡಬ್ಬಿಗೆ ಬೀಗ ಬೀಳುತ್ತಿತ್ತು. ರಿಗೇಶ ಅಂದು ಫೋನು ಮಾಡಿದ್ದೂ ಅದಕ್ಕೇ. ಮತ್ತೆ ರೂಟರಿನ ರಾತ್ರಿ ಎಂಟು ಹತ್ತು ಎಂದರೆ ಮಧ್ಯಾಹ್ನ ಎರಡು ನಲವತ್ತು. ಬಾಬುರಾಜ ಮನೆಯಲ್ಲಿ ಮೀನು ಸಾರು ಉಣ್ಣುತ್ತಿದ್ದ ಹೊತ್ತು. ವಿಜಿತ್ ಬಂದು, ಹದಿನೈದು ನಿಮಿಷ ಭಾವನಿಗೆ ಕಾದು, ಏಣಿ ಹೊತ್ತುಕೊಂಡು ಹೋಗಿದ್ದ. ಅಷ್ಟೇ.

"ಪ್ರದೀಪ, ಟೈಮು ತಪ್ಪು" ಎಂದು ಎದ್ದ. "ಇದರ ಟೈಮೇ ತಪ್ಪು. ದಾಮುವೇಟ್ಟನನ್ನು ಕರಿ. ಅವನು ಬಂದದ್ದು ಮಧ್ಯಾಹ್ನ."

"ಕೂತ್ಕೋ."

"ನೋಡು ಮಾರಾಯ, ಇಲ್ಲಿ ನೋಡು. ರಿಗೇಶ ಒಂದು ನಲವತ್ತೈದಕ್ಕೆ ಹೊರಟ ಅಂತ ಉಂಟು."

ಪ್ರದೀಪನ್ ನೋಡಲಿಲ್ಲ. ನೋಡಬೇಡ ಎಂದು ದಾಮು ಹೇಳಿರಲಿಲ್ಲ, ನೋಡು ಎಂದೂ ಹೇಳಿರಲಿಲ್ಲ. ಅವನು ಬಾಬುರಾಜನನ್ನು ಎದೆಗೆ ತಳ್ಳಿದ. ಅಷ್ಟರಲ್ಲಿ ಹೊರಗೆ ಅಂಗಳಕ್ಕೆ ಇಳಿಯುವ ದರೆಯ ಮೆಟ್ಟಿಲಿಗೆ ಏಣಿ ತಾಗಿದ ಸದ್ದು ಕೇಳಿಸಿತು.

"ಭಾವ, ಏಣಿ ತಂದೆ" ಎಂದ ವಿಜಿತ್.

ಬಾಬುರಾಜ ರೂಟರ್ ಹೊಡೆಯುವ ಡ್ರಿಲ್ಲು ಮಿಷಿನನ್ನು ಚೀಲದಿಂದ ಎತ್ತಿ ಪ್ರದೀಪನ್ನಿನ ಕೆನ್ನೆಗೆ ಬೀಸಿದ. ಜೀವಮಾನದಲ್ಲಿ ಅವನು ಹೊಡೆದ ಮೊದಲ ಏಟು. ಪ್ರದೀಪನ್ ಬಾಗಿಲಿಗೆ ಬಿದ್ದ. ಅವನನ್ನು ದಾಟಿ ಜಗಲಿಗೆ ಓಡುವಾಗಲೇ ಬಾಬುರಾಜ ಬೊಬ್ಬೆ ಹಾಕುತ್ತಿದ್ದ: ಟೈಮು ತಪ್ಪು, ಟೈಮು ತಪ್ಪು.

ವಿಜಿತ್ ಅಂಗಳದಲ್ಲಿದ್ದ. ತಲೆಯನ್ನು ಏಣಿಯ ಎರಡು ಮೆಟ್ಟಿಲುಗಳ ನಡುವೆ ತೂರಿಸಿ, ಏಣಿಯನ್ನು ಎರಡೂ ಭುಜದ ಮೇಲೆ ಹೊತ್ತಿದ್ದ, ಬಣ್ಣದವರು ಹೊರುವ ಹಾಗೆ. ಕೂದಲಿನಲ್ಲಿ ಸುಣ್ಣದ ಹನಿ. ಷಿಬಿನ್ ಹಿಂದಿನಿಂದ ಬಂದ. ಮೊದಲ ಏಟು ಮೊಣಕಾಲಿನ ಹಿಂದೆ ಬಿತ್ತು. ವಿಜಿತ್ ಕೂತ, ಏಣಿ ಕತ್ತಿನಲ್ಲೇ ಇತ್ತು. ಕೈ ಎತ್ತಿ ತಡೆಯಲು ನೋಡಿದ, ಏಣಿಯ ದಾಂಡು ಕೈಯನ್ನು ಬಿಡಲಿಲ್ಲ. ಭಾವನ ಮುಖ ಕಂಡಿತು ಅವನಿಗೆ. ಏನೋ ತಮಾಷೆ ಇರಬೇಕು, ಭಾವ ಈಗ ಹೇಳುತ್ತಾರೆ ಎಂಬ ಹಾಗೆ ನೋಡಿದ. ಎರಡನೆಯದು ಭುಜದಿಂದ ಎದೆಯ ತನಕ ಬಾಯಿ ತೆರೆಯಿತು. ಕಿಟಕಿಯಲ್ಲಿ ಕೂತಿದ್ದವನು ಏಣಿಯ ತುದಿ ಹಿಡಿದು ಅವನನ್ನು ನೆಲಕ್ಕೆ ಅದುಮಿದ. ಮೂರು, ನಾಲ್ಕು, ಐದು. ಷಿಬಿನ್ ಒಂದೊಂದು ಏಟಿಗೂ ತಮ್ಮನ ಹೆಸರು ಹೇಳುತ್ತಿದ್ದ.

ಬಾಬುರಾಜ ಏಣಿಯ ಮೇಲೆ ಬಿದ್ದ. ಆರನೆಯದು ಅವನ ಮೊಣಕೈಯಿಂದ ಕೆಳಗೆ ಮಾಂಸವನ್ನು ಎತ್ತಿಕೊಂಡು ಹೋಯಿತು. "ಅವನು ಮಧ್ಯಾಹ್ನ ಬಂದದ್ದು" ಎಂದು ಅರಚುತ್ತಿದ್ದ. "ಷಿಬಿ, ಮಧ್ಯಾಹ್ನ. ನಾನು ಟೈಮು ತಪ್ಪು ಇಟ್ಟದ್ದು. ನನ್ನನ್ನು ಕಡಿ. ತಪ್ಪು ನನ್ನದು, ನನ್ನನ್ನು ಕಡಿ." ಕೆಳಗೆ ವಿಜಿತನ ಗಂಟಲಿನಲ್ಲಿ ನೀರು ಕುದಿಯುವಂಥ ಸದ್ದು. ಅದು ಸ್ವಲ್ಪ ಹೊತ್ತು ಇದ್ದು ನಿಂತುಹೋಯಿತು.

ದಾಮು ಷಿಬಿನ್‌ನ ಕೈ ಹಿಡಿದ. "ಎಂತ ಹೇಳ್ತಿದ್ದಾನೆ ಇವನು?"

ಒಳಗೆ ಕರೆದುಕೊಂಡು ಹೋಗಿ ಬಾಬುರಾಜ ತೋರಿಸಿದ. ರೂಟರಿನ ಗಡಿಯಾರ, ಗೋಡೆಯ ಗಡಿಯಾರ, ರಿಗೇಶನ ಸಾಲು. ತೋರಿಸಿದ ಬೆರಳಿನ ರಕ್ತ ಟಿವಿಯ ಗಾಜಿನ ಮೇಲೆ ಗೆರೆಯಾಗಿ ಇಳಿಯಿತು. ದಾಮು ಓದು ಬರಹ ಬಲ್ಲವನು, ಮೂವತ್ತು ವರ್ಷ ಪುಸ್ತಕದ ನಡುವೆ ಕೂತವನು. ಒಮ್ಮೆ ಹೇಳಿದ್ದೇ ಅವನಿಗೆ ಅರ್ಥವಾಯಿತು. ಷಿಬಿನ್ ಕತ್ತಿಯನ್ನು ಕೆಳಗಿಡಲಿಲ್ಲ, ಮೇಲೆತ್ತಲೂ ಇಲ್ಲ. ತಮ್ಮನ ಹೆಸರನ್ನು ಪರದೆಯ ಮೇಲೆ ನೋಡುತ್ತಾ ನಿಂತಿದ್ದ.

"ಆದದ್ದು ಆಯ್ತು" ಎಂದ ದಾಮು ಕೊನೆಗೆ. "ಈ ಪಟ್ಟಿ ಅಳಿಸ್ಲಿಕ್ಕೆ ಆಗ್ತದಲ್ಲ?"

ಬಾಬುರಾಜ ಅಂಗಳದ ಕಡೆ ನೋಡಿದ.

"ಹಿಂದೆ ಒಂದು ಸಣ್ಣ ತೂತು ಉಂಟು, ನೀನೇ ಹೇಳಿದ್ದೆ. ಪಿನ್ನು ಚುಚ್ಚಿ ಹಿಡಿದ್ರೆ ಎಲ್ಲ ಹೋಗ್ತದೆ ಅಂತ." ದಾಮು ತನ್ನ ಎದೆಯ ಕಪ್ಪು ಬಟ್ಟೆಯನ್ನು ಬಿಚ್ಚಿ, ರಿಗೇಶನ ಫೋಟೋವನ್ನು ಮೇಜಿನ ಮೇಲಿಟ್ಟು, ಸೇಫ್ಟಿ ಪಿನ್ನನ್ನು ಬಾಬುರಾಜನ ಬಲಗೈಗೆ ಕೊಟ್ಟ. "ಅಳಿಸು. ಅವನು ಎಂಟು ಹತ್ತಕ್ಕೆ ಬಂದದ್ದನ್ನು ನಾವು ನಾಲ್ಕು ಜನ ನೋಡಿದ್ದೇವೆ. ನಿನಗೊಂದು ಮಗಳಿದ್ದಾಳೆ. ಟೈಮು ಸರಿ ಮಾಡು, ಡಬ್ಬಿ ಸರಿಯಾಗ್ತದೆ, ಆಟ ನೋಡುವ."

ಪಿನ್ನು ಹಿಡಿದು ಬಾಬುರಾಜ ಗೋಡೆಯ ಹತ್ತಿರ ಹೋದ. ಹತ್ತು ಸೆಕೆಂಡು ಒತ್ತಿ ಹಿಡಿದರೆ ಸಾಕು. ವಿಜಿತ್ ಮಧ್ಯಾಹ್ನ ಬಂದಿದ್ದ ಎಂಬುದಕ್ಕೆ ಭೂಮಿಯ ಮೇಲೆ ಆ ಪಟ್ಟಿ ಮತ್ತು ಆ ತಪ್ಪು ಗಡಿಯಾರದ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಒತ್ತಿದರೆ ಪ್ರಸೀತ ಸಾಯುವ ತನಕ ಒಬ್ಬ ದ್ರೋಹಿಯ ಅಕ್ಕ. ಪಿನ್ನು ತೂತಿನ ಸುತ್ತ ಗೀರುತ್ತಿತ್ತು.

"ಅಂಗಳದಲ್ಲಿ ಅದು ಯಾರು?"

ಬಾಗಿಲಲ್ಲಿ ಜಾನುವಮ್ಮ ನಿಂತಿದ್ದಳು. ಬಿಳಿ ಮುಂಡು, ಹಣೆಯಲ್ಲಿ ಭಸ್ಮ. ಗುಂಡಿ ಒತ್ತಲಿಕ್ಕೆ ಏಳಕ್ಕೆ ಕರೆದುಕೊಂಡು ಬರುತ್ತೇವೆ ಎಂದಿದ್ದರು. ಮನೆಯಲ್ಲಿ ಕೂತಿರಲಾಗದೆ ತಾನೇ ನಡೆದು ಬಂದಿದ್ದಳು. ಕಾಲಿನ ಬೆರಳುಗಳು ಕೆಂಪಾಗಿದ್ದವು.  ಅವಳ ಕಣ್ಣು ದೊಡ್ಡ ಮಗನ ಕತ್ತಿಯ ಮೇಲೆ ಹೋಯಿತು, ಅಲ್ಲಿಂದ ಟಿವಿಗೆ. ಇಂಗ್ಲಿಷು ಬಾರದವಳು. ಆದರೆ ಮಗನ ಹೆಸರು ಇಂಗ್ಲಿಷಿನಲ್ಲಿ ಹೇಗಿರುತ್ತದೆಂದು ಊರಿನ ಮೂರು ದಾರಿಯಲ್ಲಿ ನಿಲ್ಲಿಸಿದ ಫ್ಲೆಕ್ಸಿನಿಂದ ಅವಳಿಗೆ ಗೊತ್ತಿತ್ತು.

"ನನ್ನ ಮಗನ ಹೆಸರು ಅಲ್ಲಿ ಎಂತಕ್ಕೆ?"

"ಜಾನ್ವಮ್ಮ, ನೀವು ಹೊರಗೆ..." ಎಂದ ದಾಮು.

"ನಾನು ನಿನ್ನನ್ನು ಕೇಳಿದ್ದಲ್ಲ. ಬಾಬು, ನೀನು ಹೇಳು."

ಬಾಬುರಾಜ ಪಿನ್ನನ್ನು ಕೆಳಗೆ ಹಾಕಿದ. ಹೇಳಿದ. ಎಲ್ಲವನ್ನೂ ಹೇಳಿದ, ಗಡಿಯಾರ ತಪ್ಪಿಟ್ಟದ್ದು, ಪಟ್ಟಿ ಓದಿದ್ದು, ಬೆರಳು, ಫೋನು, ಏಣಿ. ದಾಮು ಎರಡು ಸಲ ಬಾಯಿ ಹಾಕಿದ, ಎರಡೂ ಸಲ ಮುದುಕಿ ಕೈಯೆತ್ತಿದಳು. "ಇದ್ರ ಪ್ರಕಾರ ರಿಗೇಶ ಇಲ್ಲಿಂದ ಹೊರಟದ್ದು ರಾತ್ರಿ ಒಂದು ನಲವತ್ತೈದಕ್ಕೆ ಅಮ್ಮ" ಎಂದು ಬಾಬುರಾಜ ಮುಗಿಸಿದ.

"ಒಂದು ನಲವತ್ತೈದಕ್ಕೆ" ಎಂದಳು ಜಾನುವಮ್ಮ, "ನಾನು ಮೆಡಿಕಲ್ ಕಾಲೇಜಿನಲ್ಲಿ ಆ ಬಾಗಿಲು ಬಡೀತಿದ್ದೆ. ಅವನಿಗೆ ಚಳಿ ಆಗ್ತದೆ, ಒಂದು ಹೊದಿಕೆ ಕೊಡಿ ಅಂತ." ಷಿಬಿನ್‌ನ ಕಡೆ ತಿರುಗಿದಳು. "ಹೊರಗಿರುವವನ ಅಮ್ಮ ಉಂಟಾ?"

ಷಿಬಿನ್ ಹಿಂದಕ್ಕೆ ಸರಿದು ಗೋಡೆಗೆ ತಾಗಿದ.

"ಇಲ್ಲ" ಎಂದ ಬಾಬುರಾಜ. "ನನ್ನ ಹೆಂಡತಿಯೇ ಸಾಕಿದ್ದು."

ಮುದುಕಿ ನಡೆದು ಬಂದು ರೂಟರಿನ ಅಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಇದನ್ನು ಮುಟ್ಟುವವರು ನನ್ನನ್ನು ಕಡಿದು ಮುಟ್ಟಿ. ಬಾಬು, ಇದ್ರ ಫೋಟೋ ತೆಗಿ. ಇವನ ಫೋನು ಇವನಿಗೆ ಕೊಡು ದಾಮು."

ದಾಮು ಷಿಬಿನ್‌ನನ್ನು ನೋಡಿದ. ಷಿಬಿನ್ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದ, ಕತ್ತಿ ಮಡಿಲಿನಲ್ಲಿತ್ತು. ಅಂಗಳದ ಆಚೆ ರಸ್ತೆಯಲ್ಲಿ ಆಟ ನೋಡಲು ಬರುವವರ ಮೊದಲ ಗುಂಪು ಪೀಪಿ ಊದುತ್ತಿತ್ತು. ದಾಮು ಜೇಬಿಗೆ ಕೈ ಹಾಕಿದ. ಫೋನು ಅವನ ಕೈಯಲ್ಲಿರುವಾಗಲೇ ಹೊಡೆದುಕೊಳ್ಳತೊಡಗಿತು. ಪರದೆಯ ಮೇಲೆ ಪ್ರಸೀತ ಎಂದಿತ್ತು.

ಬಾಬುರಾಜ ತೆಗೆದುಕೊಂಡ. ಒತ್ತಲು ಬೆರಳು ಬರಲಿಲ್ಲ. ಅದು ನಿಂತು, ಮತ್ತೆ ಹೊಡೆದುಕೊಂಡಿತು. ಜಾನುವಮ್ಮ ಅವನ ಕೈಯಿಂದ ಫೋನು ತೆಗೆದು, ಎಲ್ಲಿ ಒತ್ತುವುದೆಂದು ಅವನನ್ನೇ ಕೇಳಿ, ಒತ್ತಿ, ಕಿವಿಗಿಟ್ಟಳು. ಆ ಕಡೆಯ ದನಿ ಎಲ್ಲರಿಗೂ ಕೇಳಿಸಿತು.

"ಎಲ್ಲಿದ್ದೀರಿ ನೀವು? ವಿಜಿ ಫೋನು ಮಾಡಿ, ಏಣಿ ಕೊಟ್ಟು ಬರ್ತೇನೆ, ಚಾ ಮಾಡಿಡು ಅಂತ ಹೇಳಿ ಆಗ್ಲೇ ಅರ್ಧ ಗಂಟೆ ಆಯ್ತು. ಆರಿದ ಚಾ ಅವನು ಕುಡಿಯುದಿಲ್ಲ, ಗೊತ್ತುಂಟಲ್ಲ ನಿಮಗೆ."

"ನಾನು ರಿಗೇಶನ ಅಮ್ಮ ಮಾತಾಡುದು ಮಗಳೇ" ಎಂದಳು ಜಾನುವಮ್ಮ. "ನೀನು ಒಲೆ ಆರ್ಸಿ ಅಲ್ಲೇ ಕೂತಿರು. ಯಾರು ಎಂತ ಹೇಳಿದ್ರೂ ಹೊರಗೆ ಬರ್ಬೇಡ. ನಾನು ಬರ್ತಿದ್ದೇನೆ."